ಕಾರ್ಬ್ಯುರೇಟರ್‌ಗಿಂತ ಮೊದಲು ಪೆಟ್ರೋಲಿನ ದಾರಿ ನೋಡಿ

ಪ್ರೀಮಿಯರ್ ಪದ್ಮಿನಿಯ ಸೋಲೆಕ್ಸ್ ಕಾರ್ಬ್ಯುರೇಟರ್ ಕಳಚಿ, ಆ ಜಾಗಕ್ಕೆ ಮಾರುತಿ 800ರದ್ದನ್ನು ಕೂರಿಸುವ ಕೆಲಸ ನಮ್ಮ ಗ್ಯಾರೇಜುಗಳಿಗೆ ಹೊಸದಲ್ಲ. ಲೇತ್‌ನಲ್ಲಿ ಒಂದು ಅಡಾಪ್ಟರ್ ಪ್ಲೇಟ್ ಮಾಡಿಸುತ್ತಾರೆ, ಎರಡು ಪ್ಯಾಕಿಂಗ್ ಕತ್ತರಿಸುತ್ತಾರೆ, ಆಕ್ಸಿಲರೇಟರ್ ತಂತಿಯನ್ನು ಹೇಗೋ ಹೊಂದಿಸುತ್ತಾರೆ, ಗಾಡಿ ಸ್ಟಾರ್ಟ್ ಆಗುತ್ತದೆ. ಹೀಗೆ ಮಾಡುವವರ ಕಾರಣ ಸರಿಯಾದದ್ದೇ. ಹಳೆಯ ಸೋಲೆಕ್ಸ್‌ನ ಥ್ರಾಟಲ್ ಶಾಫ್ಟ್ ಸವೆದು ಗಾಳಿ ಎಳೆಯುತ್ತಿರುತ್ತದೆ, ಒಳ್ಳೆಯ ಬಿಡಿಭಾಗ ಸಿಗುವುದಿಲ್ಲ, ಐಡ್ಲಿಂಗ್ ನಿಲ್ಲುವುದಿಲ್ಲ. ಆದರೆ ಒಂದೆರಡು ವಾರ ಕಳೆಯುವಷ್ಟರಲ್ಲಿ ಹೊಸ ದೂರು ಶುರುವಾಗುತ್ತದೆ. ಸಿಗ್ನಲ್ಲಿನಲ್ಲಿ ನಿಂತರೆ ಪೆಟ್ರೋಲ್ ವಾಸನೆ, ಹೆದ್ದಾರಿಯಲ್ಲಿ ವೇಗ ಹಿಡಿದರೆ ಜಗ್ಗಾಟ, ಬಿಸಿಲಲ್ಲಿ ನಿಲ್ಲಿಸಿ ಬಂದರೆ ಸ್ಟಾರ್ಟೇ ಇಲ್ಲ. ಎಲ್ಲರೂ ಮತ್ತೆ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಲು ಕೂರುತ್ತಾರೆ.

ನಾನು ಹೇಳಹೊರಟಿರುವುದು ಇಷ್ಟೆ: ಇಂಥ ದೂರುಗಳಲ್ಲಿ ಹೆಚ್ಚಿನವು ಕಾರ್ಬ್ಯುರೇಟರಿನದ್ದಲ್ಲ, ಅದರ ಬಾಯಿಗೆ ಪೆಟ್ರೋಲ್ ತಂದು ಹಾಕುವ ದಾರಿಯದ್ದು. ಟ್ಯಾಂಕ್, ಪೈಪ್, ಫಿಲ್ಟರ್, ಪಂಪ್, ಹೋಸ್, ಕೊನೆಯಲ್ಲಿ ಫ್ಲೋಟ್ ಮತ್ತು ಅದರ ನೀಡಲ್. ಈ ದಾರಿ ಸರಿಯಿಲ್ಲದ ಗಾಡಿಗೆ ಎಂಥ ಕಾರ್ಬ್ಯುರೇಟರ್ ಹಾಕಿದರೂ ಅದು ನೆಟ್ಟಗೆ ಓಡುವುದಿಲ್ಲ. ದಾರಿ ಸರಿಯಿದ್ದರೆ ಹಳೆಯ ಸೋಲೆಕ್ಸೇ ಇನ್ನೂ ಕೆಲವು ವರ್ಷ ಬಾಳೀತು.

ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹಳೆಯ ಕಾರಿನ ಪೆಟ್ರೋಲ್ ವ್ಯವಸ್ಥೆಗೆ ಇದು ಕಠಿಣ ಪರೀಕ್ಷೆಯ ಊರು. ಆರ್‌ಟಿಸಿ ಕಾಂಪ್ಲೆಕ್ಸಿನಿಂದ ಅಸಿಲ್‌ಮೆಟ್ಟದವರೆಗೆ ಸಂಜೆ ಹೊತ್ತಿನಲ್ಲಿ ಗಾಡಿ ಒಂದನೇ ಗೇರಿನಲ್ಲೇ ತೆವಳಬೇಕು, ಬಾನೆಟ್ಟಿನ ಅಡಿ ಶಾಖ ಏರುತ್ತಲೇ ಹೋಗುತ್ತದೆ. ಸಮುದ್ರದ ಉಪ್ಪುಗಾಳಿ ಟ್ಯಾಂಕನ್ನೂ ಕಬ್ಬಿಣದ ಪೈಪನ್ನೂ ತಿನ್ನುತ್ತದೆ. ರಜೆ ಬಂತೆಂದರೆ ಎಸ್. ಕೋಟ ದಾಟಿ ಅನಂತಗಿರಿ ಘಾಟಿ ಹತ್ತಿ, ಸುಮಾರು 900 ಮೀಟರ್ ಎತ್ತರದ ಅರಕು ಕಣಿವೆಗೆ ಹೋಗುವ ಆಸೆ. ಬೇಸಿಗೆಯಲ್ಲಿ ಹೆದ್ದಾರಿ ಹಿಡಿದು ವಿಜಯವಾಡಕ್ಕೆ ಹೊರಟರೆ ಅಲ್ಲಿ 40 ಡಿಗ್ರಿ ಮೀರಿದ ಸೆಕೆ. ಉಪ್ಪು, ಸೆಕೆ, ಘಾಟಿ, ಟ್ರಾಫಿಕ್ ನಾಲ್ಕೂ ಒಂದೇ ಕಡೆ ಸಿಗುವ ಊರಿದು. ಮಂಗಳೂರಿನಿಂದ ಶಿರಾಡಿ, ಚಾರ್ಮಾಡಿ ಹತ್ತಿಸುವ ಕರಾವಳಿಯ ಕನ್ನಡಿಗರಿಗೂ ಈ ಕಷ್ಟ ಚೆನ್ನಾಗಿ ಗೊತ್ತು.

ಮೊದಲು ಪಂಪಿನ ಒತ್ತಡದ ಮಾತು ಮುಗಿಸೋಣ, ಏಕೆಂದರೆ ಅತಿ ಹೆಚ್ಚು ತಪ್ಪಾಗುವುದು ಅಲ್ಲಿಯೇ.

ಕಾರ್ಬ್ಯುರೇಟರಿಗೆ ಒತ್ತಡ ಬೇಕಿಲ್ಲ, ತುಂಬಿರುವ ಫ್ಲೋಟ್ ಬಟ್ಟಲು ಬೇಕು. ಎಂಜಿನ್ ಎಳೆಯುವ ಗಾಳಿ ವೆಂಚುರಿಯ ಕಿರಿದಾದ ಕುತ್ತಿಗೆಯಲ್ಲಿ ವೇಗ ಪಡೆಯುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ಬಟ್ಟಲಿನಲ್ಲಿರುವ ಪೆಟ್ರೋಲ್ ಜೆಟ್ ಮೂಲಕ ತಾನಾಗಿ ಮೇಲೇರಿ ಗಾಳಿಯ ಜೊತೆ ಸೇರುತ್ತದೆ. ಪಂಪಿನ ಕೆಲಸ ಬಟ್ಟಲಿನ ಮಟ್ಟ ಇಳಿಯದಂತೆ ನೋಡಿಕೊಳ್ಳುವುದು ಮಾತ್ರ. ಮಟ್ಟ ಏರಿದಾಗ ಫ್ಲೋಟ್ ತೇಲಿ ಮೇಲೆ ಬಂದು ನೀಡಲನ್ನು ಅದರ ಸೀಟಿಗೆ ಒತ್ತುತ್ತದೆ, ಪೆಟ್ರೋಲ್ ನಿಲ್ಲುತ್ತದೆ.

ಈಗ ಆ ಸೀಟಿನ ಹತ್ತಿರ ಹೋಗಿ ನೋಡೋಣ. ಅದರ ರಂಧ್ರ 2 ಮಿಲಿಮೀಟರ್ ಅಗಲ ಎಂದುಕೊಳ್ಳಿ. ಪಂಪಿನ ಒತ್ತಡ 3 ಪಿಎಸ್‌ಐ ಇದ್ದರೆ ನೀಡಲಿನ ತುದಿಯನ್ನು ಪೆಟ್ರೋಲ್ ತಳ್ಳುವ ಬಲ ಸುಮಾರು ಆರೂವರೆ ಗ್ರಾಂ ತೂಕದಷ್ಟು. ಫ್ಲೋಟ್ ಅದನ್ನು ಸಲೀಸಾಗಿ ತಡೆಯುತ್ತದೆ. ಒತ್ತಡ 7 ಪಿಎಸ್‌ಐಗೆ ಏರಿದರೆ ಬಲ 15 ಗ್ರಾಂ ದಾಟುತ್ತದೆ, ಸಣ್ಣ ಕಾರ್ಬ್ಯುರೇಟರಿನ ಫ್ಲೋಟ್ ತಿಣುಕುತ್ತದೆ, ಬಟ್ಟಲಿನ ಮಟ್ಟ ಇರಬೇಕಾದುದಕ್ಕಿಂತ ಮೇಲೇರುತ್ತದೆ, ಮೈಲೇಜ್ ಕುಸಿಯುತ್ತದೆ. ಅದೇ ಎಂಪಿಎಫ್‌ಐ (ಇಂಜೆಕ್ಷನ್) ಗಾಡಿಯ ಟ್ಯಾಂಕಿನೊಳಗಿನ ಪಂಪ್ ತಂದು ನೇರವಾಗಿ ಜೋಡಿಸಿದರೆ? ಅದರ ಒತ್ತಡ ಸುಮಾರು 3 ಬಾರ್, ಅಂದರೆ 43 ಪಿಎಸ್‌ಐ. ನೀಡಲಿನ ಮೇಲೆ ಬೀಳುವ ಬಲ 96 ಗ್ರಾಂ. ಯಾವ ಫ್ಲೋಟೂ ಇದನ್ನು ತಡೆಯದು. ಪೆಟ್ರೋಲ್ ಬಟ್ಟಲು ತುಂಬಿ, ವೆಂಟಿನಿಂದ ಉಕ್ಕಿ, ಬಿಸಿ ಮ್ಯಾನಿಫೋಲ್ಡಿನ ಮೇಲೆ ಸುರಿಯುತ್ತದೆ. ಇದು ಟ್ಯೂನಿಂಗ್ ದೋಷವಲ್ಲ, ಬೆಂಕಿ ಅನಾಹುತ.

ಹೊರದೇಶಗಳ ಹಳೆಯ ಕಾರಿನವರು ಈ ಪಾಠ ಕಲಿತದ್ದು ಟ್ರಯಂಫ್ ಟಿಆರ್6ನಂಥ ಗಾಡಿಗಳಲ್ಲಿ. ಅದಕ್ಕೆ ಬ್ರಿಟನ್ನಿನಲ್ಲಿ ಲೂಕಾಸ್ ಕಂಪನಿಯ ಯಾಂತ್ರಿಕ ಇಂಜೆಕ್ಷನ್ ಇತ್ತು, 100 ಪಿಎಸ್‌ಐ ಮೀರಿದ ಒತ್ತಡದಲ್ಲಿ ಕೆಲಸ ಮಾಡುತ್ತಿತ್ತು. ಅದರ ರಗಳೆ ಬೇಡವೆಂದು ವೆಬರ್ ಅಥವಾ ಎಸ್‌ಯು ಕಾರ್ಬ್ಯುರೇಟರಿಗೆ ಬದಲಾಯಿಸಿದವರು ಇಂಜೆಕ್ಷನ್ ಪಂಪನ್ನು ಪೂರ್ತಿ ತೆಗೆದುಹಾಕಿ ಕಡಿಮೆ ಒತ್ತಡದ ಪಂಪ್ ಹಾಕಲೇಬೇಕಾಯಿತು. ನಮ್ಮಲ್ಲಿ ಈ ಪ್ರಶ್ನೆ ಏಳುವುದು ಕೊನೆಯ ವರ್ಷಗಳ ಎಂಪಿಎಫ್‌ಐ ಅಂಬಾಸಿಡರ್ 1800 ಅಥವಾ ಜಿಪ್ಸಿಯಂಥ ಗಾಡಿಯ ಇಂಜೆಕ್ಷನ್ ನಿಯಂತ್ರಿಸುವ ಇಸಿಯು ಕೆಟ್ಟು, ಬದಲಿ ಸಿಗದೆ, ಕಾರ್ಬ್ಯುರೇಟರಿಗೆ ಹಿಂದಿರುಗಲು ಹೊರಟಾಗ. ಅಂಥವರು ಟ್ಯಾಂಕಿನ ಪಂಪನ್ನು ಹಾಗೇ ಉಳಿಸಿ ರೆಗ್ಯುಲೇಟರ್ ಹಾಕಿ ಸಾಗಿಸಬಹುದು ಎಂದುಕೊಳ್ಳುತ್ತಾರೆ. ರಿಟರ್ನ್ ಪೈಪ್ ಇರುವ ಒಳ್ಳೆಯ ರೆಗ್ಯುಲೇಟರ್ ಇದ್ದರೆ ತಾತ್ವಿಕವಾಗಿ ಸಾಧ್ಯ. ಆದರೆ ರೆಗ್ಯುಲೇಟರ್ ಕೈಕೊಟ್ಟ ದಿನ 43 ಪಿಎಸ್‌ಐ ನೇರ ಫ್ಲೋಟಿಗೆ ಬರುತ್ತದೆ. ಪಂಪನ್ನೇ ಬದಲಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಯಾವ ಕಾರ್ಬ್ಯುರೇಟರಿಗೆ ಎಷ್ಟು? ಎಸ್‌ಯುಗೆ ಒಂದೂವರೆಯಿಂದ ಎರಡೂವರೆ ಪಿಎಸ್‌ಐ ಸಾಕು. ವೆಬರ್‌ಗೆ ಎರಡೂವರೆಯಿಂದ ಮೂರೂವರೆ. ನಮ್ಮ ಸೋಲೆಕ್ಸ್, ಮಾರುತಿಯ ಮಿಕುನಿಗಳಿಗೂ ಮೂರರ ಆಸುಪಾಸು ಸುರಕ್ಷಿತ. ಅಮೆರಿಕದ ದೊಡ್ಡ ಎಂಜಿನ್ನಿನ ಹಾಲಿ (Holley) ಕಾರ್ಬ್ಯುರೇಟರಿಗೆ ಮಾತ್ರ ಐದರಿಂದ ಏಳು. ಎಂಜಿನ್ನಿನ ಪಕ್ಕದಲ್ಲಿ ಕ್ಯಾಮ್‌ಶಾಫ್ಟಿನಿಂದ ನಡೆಯುವ ಪಂಪು, ಮೆಕ್ಯಾನಿಕ್‌ಗಳು ಎಸಿ ಪಂಪ್ ಎಂದೇ ಕರೆಯುವುದು, ಸುಸ್ಥಿತಿಯಲ್ಲಿದ್ದರೆ ಈ ಮಟ್ಟವನ್ನು ತಾನೇ ಕೊಡುತ್ತದೆ. ಅದರೊಳಗಿನ ಸ್ಪ್ರಿಂಗೇ ಒತ್ತಡ ತೀರ್ಮಾನಿಸುವುದರಿಂದ ರೆಗ್ಯುಲೇಟರ್ ಬೇಕಿಲ್ಲ. ಮೂಲ ಎಸಿ ಪಂಪ್ ಚೆನ್ನಾಗಿದ್ದರೆ ಅದನ್ನು ಬಿಚ್ಚಿ ಎಲೆಕ್ಟ್ರಿಕ್ ಪಂಪ್ ಹಾಕುವ ಹುರುಪು ಬೇಡವೆಂದೇ ಹೇಳುತ್ತೇನೆ.

ಎಲೆಕ್ಟ್ರಿಕ್ ಪಂಪ್ ಹಾಕಲೇಬೇಕಾದವರು ಕಾರ್ಬ್ಯುರೇಟರಿಗೆಂದೇ ಮಾಡಿದ ಕಡಿಮೆ ಒತ್ತಡದ ಪಂಪ್ ಕೊಳ್ಳಿ, ಟಿಕ್ ಟಿಕ್ ಎಂದು ಸದ್ದು ಮಾಡುವ ಜಾತಿಯದ್ದು. ಮಾರಿಸ್ ಮೈನರಿನ ಎಸ್‌ಯು ಪಂಪಿನ ಸದ್ದು ಕೇಳಿದ ಹಿರಿಯರಿಗೆ ಅದು ಪರಿಚಿತ. ರೆಗ್ಯುಲೇಟರಿನ ತಿರುಪಿನ ಮೇಲೆ ಬರೆದ ಅಂಕಿಗಳನ್ನು ನಂಬಬೇಡಿ. 15 ಪಿಎಸ್‌ಐವರೆಗಿನ ಗೇಜ್ ಒಂದನ್ನು ಟಿ-ಜಾಯಿಂಟಿನಲ್ಲಿ ಕಾರ್ಬ್ಯುರೇಟರಿನ ಪಕ್ಕದಲ್ಲೇ ಜೋಡಿಸಿ, ಎಂಜಿನ್ ಓಡುವಾಗ ಓದಿ. ಆ ಓದು ಮಾತ್ರ ಸತ್ಯ.

ಒತ್ತಡ ಒಂದು, ಪ್ರಮಾಣ ಇನ್ನೊಂದು. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದ ಎಷ್ಟೋ ಒಳ್ಳೆಯ ಪಂಪುಗಳು ಗುಜರಿ ಸೇರಿವೆ. ಪದ್ಮಿನಿಯ 1089 ಸಿಸಿ ಎಂಜಿನ್ ಕೊಡುವುದು ಸುಮಾರು 40 ಅಶ್ವಶಕ್ತಿ. ಪೂರ್ತಿ ಆಕ್ಸಿಲರೇಟರ್ ತುಳಿದು ಘಾಟಿ ಹತ್ತಿದರೂ ಅದು ಗಂಟೆಗೆ ಕುಡಿಯುವುದು ಹೆಚ್ಚುಕಡಿಮೆ 12 ಲೀಟರ್, ಅಂದರೆ ನಿಮಿಷಕ್ಕೆ 200 ಮಿಲಿಲೀಟರ್. ಇದರ ಎರಡು-ಮೂರು ಪಟ್ಟು ಹರಿಯುವ ಪಂಪಿದ್ದರೆ ಧಾರಾಳವಾಯಿತು. ರೇಸಿಂಗ್ ಪಂಪ್ ಎಂದು ಪೆಟ್ಟಿಗೆಯ ಮೇಲೆ ಬರೆದದ್ದಕ್ಕೆ ದುಡ್ಡು ಸುರಿಯಬೇಕಾಗಿಲ್ಲ.

ಪ್ರಮಾಣ ಅಳೆಯಲು ಒಂದು ಪಾರದರ್ಶಕ ಬಾಟಲಿ ಸಾಕು. ಬಯಲಿನಲ್ಲಿ, ಎಂಜಿನ್ ತಣ್ಣಗಿರುವಾಗ ಮಾಡಿ. ಕಾಯಿಲ್‌ನ ವೈರ್ ಕಳಚಿಟ್ಟರೆ ಕಿಡಿ ಹಾರುವುದಿಲ್ಲ. ಕಾರ್ಬ್ಯುರೇಟರಿನ ಬಳಿ ಹೋಸ್ ಬಿಚ್ಚಿ ಬಾಟಲಿಯೊಳಗೆ ಇಳಿಸಿ, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಎಸಿ ಪಂಪಾದರೆ ಪೆಟ್ರೋಲ್ ಚಿಮ್ಮಿ ಚಿಮ್ಮಿ, ಒಂದೇ ತಾಳದಲ್ಲಿ ಬೀಳಬೇಕು. ಎಲೆಕ್ಟ್ರಿಕ್ ಪಂಪಾದರೆ ಅರ್ಧ ನಿಮಿಷದಲ್ಲಿ ಅರ್ಧ ಲೀಟರ್ ಬಂದರೆ ಚಿಂತೆಯಿಲ್ಲ.

ಈಗ ಬಾಟಲಿಯೊಳಗೆ ಕಣ್ಣಿಟ್ಟು ನೋಡಿ. ಹೋಸಿನ ತುದಿ ಪೆಟ್ರೋಲಿನಲ್ಲಿ ಮುಳುಗಿದ ಮೇಲೂ ಗುಳ್ಳೆ ಬರುತ್ತಲೇ ಇದ್ದರೆ ಟ್ಯಾಂಕಿಗೂ ಪಂಪಿಗೂ ನಡುವೆ ಎಲ್ಲೋ ಗಾಳಿ ಒಳಹೋಗುತ್ತಿದೆ. ಈ ದೋಷ ಹಿಡಿಯುವುದು ಕಷ್ಟ, ಏಕೆಂದರೆ ಹೊರಗೆ ಒಂದು ಹನಿಯೂ ಸೋರುವುದಿಲ್ಲ. ಪಂಪಿಗೂ ಟ್ಯಾಂಕಿಗೂ ನಡುವಿನ ಪೈಪಿನಲ್ಲಿರುವುದು ಎಳೆತ. ಹೋಸಿನ ಬಿರುಕಿನಿಂದ ಪೆಟ್ರೋಲ್ ಹೊರಬರುವ ಬದಲು ಗಾಳಿ ಒಳನುಗ್ಗುತ್ತದೆ. ಮೆಕ್ಯಾನಿಕ್ ಬಾನೆಟ್ಟಿನಡಿ ಎಲ್ಲ ಒಣಗಿದೆ ನೋಡಿ ಎನ್ನುತ್ತಾನೆ, ಗಾಡಿ ಮಾತ್ರ ಏರಿನಲ್ಲಿ ಮಿಸ್ ಹೊಡೆಯುತ್ತದೆ. ಟ್ಯಾಂಕಿನಿಂದ ಹೊರಬರುವಲ್ಲಿ ಇರುವ ಗೇಣುದ್ದದ ರಬ್ಬರ್ ತುಂಡೇ ಬಹುತೇಕ ಇದರ ಮೂಲ. ಗಾಡಿಯಡಿ ಮಲಗಿ ನೋಡದಿದ್ದರೆ ಕಾಣುವುದೇ ಇಲ್ಲ.

ಗುಳ್ಳೆಯಿಲ್ಲ, ಆದರೆ ಇಪ್ಪತ್ತು ನಿಮಿಷ ಓಡಿದ ಮೇಲೆ ಎಂಜಿನ್ ಸೊರಗಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ ಎನ್ನುವವರು ಟ್ಯಾಂಕಿನ ಮುಚ್ಚಳ ಬಿಚ್ಚಿ ಕಿವಿಗೊಡಿ. ಉಸ್ ಎಂದು ಗಾಳಿ ಒಳನುಗ್ಗಿದರೆ ಗಾಳಿಕಿಂಡಿ ಮುಚ್ಚಿಹೋಗಿದೆ ಎಂದೇ ಅರ್ಥ. ಬೇರೆ ಗಾಡಿಯ ಮುಚ್ಚಳ ತಂದು ಹಾಕಿದವರಲ್ಲಿ ಈ ತೊಂದರೆ ಮತ್ತೆ ಮತ್ತೆ ಕಾಣುತ್ತದೆ.

ಇನ್ನು ಟ್ಯಾಂಕಿನ ಒಳಗೆ. ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ; ಆ ಕಾಲದ ಗಾಡಿಯ ಟ್ಯಾಂಕಿಗೆ ಅರ್ಧ ಶತಮಾನವಾಯಿತು. ಒಳಮೈಯ ಲೇಪ ಸವೆದು ತುಕ್ಕು ಪುಡಿಯಾಗಿ ತಳದಲ್ಲಿ ಕೂತಿರುತ್ತದೆ. ಹಳೆಯ ಪಂಪ್ ಸಾವಕಾಶವಾಗಿ ಎಳೆಯುತ್ತಿದ್ದಾಗ ಅದು ಅಲ್ಲೇ ಇತ್ತು. ಹೊಸ ಪಂಪ್ ಜೋರಾಗಿ ಎಳೆದೊಡನೆ ಎದ್ದು ಪೈಪಿಗೆ ಬರುತ್ತದೆ, ಎರಡನೇ ದಿನಕ್ಕೆ ಫಿಲ್ಟರ್ ಕಂದು ಬಣ್ಣಕ್ಕೆ ತಿರುಗುತ್ತದೆ. ಕಾರ್ಬ್ಯುರೇಟರ್ ಬದಲಿಸಿದ ಮೇಲೇ ಹೀಗಾಯಿತು ಎಂದು ಜನ ಕಾರ್ಬ್ಯುರೇಟರನ್ನು ದೂರುತ್ತಾರೆ. ಮೊದಲೇ ಟ್ಯಾಂಕ್ ಇಳಿಸಿ, ತುಕ್ಕು ತೊಳೆಸಿ, ಒಣಗಿಸಿ ಹಾಕಿಸಿದ್ದರೆ ಈ ರಗಳೆ ಇರುತ್ತಿರಲಿಲ್ಲ. ತೂತು ಬಿದ್ದಿದ್ದರೆ ವೆಲ್ಡಿಂಗ್ ಕೆಲಸ ಅನುಭವಸ್ಥರಿಗೇ ಬಿಡಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಪೆಟ್ರೋಲ್ ಆವಿ ಬೆರೆತಿದ್ದರೂ ಕಿಡಿಗೆ ಸಿಡಿಯುತ್ತದೆ.

ಪೈಪಿಗೆ ಫ್ರಿಜ್ ರಿಪೇರಿಯವರ ಬಳಿ ಸಿಗುವ ತಾಮ್ರದ ಕೊಳವೆ ಹಾಕುವ ಅಭ್ಯಾಸ ಹಲವು ಕಡೆ ಇದೆ. ಬೇಡ. ಗಾಡಿಯ ಅದುರಾಟಕ್ಕೆ ತಾಮ್ರ ಗಡುಸಾಗಿ ಬಿರಿಯುತ್ತದೆ, ಪೆಟ್ರೋಲ್ ಅಂಟಾಗುವುದನ್ನೂ ಅದು ಚುರುಕುಗೊಳಿಸುತ್ತದೆ. ಉಕ್ಕಿನ ಪೈಪ್ ಹಾಕಿ, ಕರಾವಳಿಯವರು ಸಿಕ್ಕರೆ ತಾಮ್ರ-ನಿಕಲ್ ಮಿಶ್ರಲೋಹದ್ದನ್ನು ಹಾಕಿ. ಗೇಣಿಗೊಂದು ಕ್ಲಿಪ್ ಹಿಡಿದು ಬಿಗಿಯಿರಿ, ಸೈಲೆನ್ಸರ್ ಪೈಪಿನಿಂದ ದೂರವಿಡಿ, ಯಾವ ಕಾರಣಕ್ಕೂ ಜನ ಕೂರುವ ಜಾಗದೊಳಗಿಂದ ಹಾಯಿಸಬೇಡಿ.

ಪೆಟ್ರೋಲೇ ಬದಲಾಗಿದೆ ಎಂಬುದನ್ನು ಹಳೆಯ ಕಾರಿನ ಮಾಲೀಕರು ಗಂಭೀರವಾಗಿ ತೆಗೆದುಕೊಳ್ಳಬೇಕು. 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಈಗ ಬಂಕಿನಲ್ಲಿ ಸಿಗುವುದು ಅದೇ. 1957ರಲ್ಲಿ ಕ್ಯಾಲ್ಟೆಕ್ಸ್ ಕಟ್ಟಿ, ಮುಂದೆ ಎಚ್‌ಪಿಸಿಎಲ್ ಪಾಲಾದ ರಿಫೈನರಿ ಇರುವ ಈ ವಿಶಾಖಪಟ್ಟಣದಲ್ಲಾದರೂ ಅಷ್ಟೆ, ಮೈಸೂರಿನಲ್ಲಾದರೂ ಅಷ್ಟೆ.

ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ವಾರಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ, ಅದರಲ್ಲೂ ಕರಾವಳಿಯ ತೇವದಲ್ಲಿ, ನೀರು ಮಿತಿಮೀರಿದರೆ ನೀರೂ ಎಥನಾಲೂ ಒಟ್ಟಾಗಿ ತಳಕ್ಕೆ ಇಳಿದು ಬೇರೆ ಪದರವಾಗುತ್ತದೆ. ಪಂಪ್ ಮೊದಲು ಎಳೆಯುವುದು ಆ ಪದರವನ್ನೇ. ಹಳೆಯ ಕಾಲದ ರಬ್ಬರ್ ಹೋಸ್, ಪಂಪಿನ ಡಯಾಫ್ರಮ್, ನೀಡಲಿನ ರಬ್ಬರ್ ತುದಿ, ಕಾರ್ಕ್ ಪ್ಯಾಕಿಂಗ್ ಎಲ್ಲವೂ ಇದರಲ್ಲಿ ಊದಿಕೊಳ್ಳುತ್ತವೆ ಇಲ್ಲವೇ ಬಿರಿಯುತ್ತವೆ. ಹೋಸ್ ಕೊಳ್ಳುವಾಗ ಅದರ ಮೈಮೇಲೆ ಎಸ್‌ಎಇ ಜೆ30 ಆರ್9 ಎಂಬ ಮುದ್ರೆ ಇದೆಯೇ ನೋಡಿ. ಆ ದರ್ಜೆಯ ಹೋಸಿಗೆ ಎಥನಾಲ್ ತಡೆಯುವ ಒಳಪದರ ಇರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ವಿಜಯವಾಡದ ಜವಾಹರ್ ಆಟೋ ನಗರದಲ್ಲಾಗಲಿ ಕೇಳಿ, ಅಂಗಡಿಯವರು ಒಳ್ಳೇ ಹೋಸ್ ಸಾರ್ ಎಂದರೆ ಸಾಲದು, ಮುದ್ರೆ ಕಣ್ಣಿಗೆ ಕಾಣಬೇಕು. ಡಯಾಫ್ರಮ್ ಕಿಟ್ಟಿಗೂ ಇದೇ ಎಚ್ಚರ. ಡಯಾಫ್ರಮ್ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ತೆಗೆದು ಮೂಸಿ, ಆಯಿಲ್ ಮಟ್ಟ ತಾನಾಗಿ ಏರಿದ್ದರೆ ಗಾಡಿ ಓಡಿಸಬೇಡಿ.

ಇನ್ನೊಂದು ಪರಿಣಾಮ ಜೆಟ್ಟಿನ ಮೇಲೆ. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಇ20ಗೆ ಸುಮಾರು 13.5 ಪಾಲು ಸಾಕು. ಹಳೆಯ ಜೆಟ್ಟಿನಲ್ಲೇ ಇ20 ಓಡಿಸಿದರೆ ಮಿಶ್ರಣ ನೂರಕ್ಕೆ ಏಳೆಂಟು ಪಾಲು ತೆಳುವಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಪಿಕಪ್ ತಗ್ಗುತ್ತದೆ. ಜೆಟ್ಟಿನ ವ್ಯಾಸ ನೂರಕ್ಕೆ ನಾಲ್ಕು ಪಾಲು ಹೆಚ್ಚಿಸಿದರೆ ಇದು ಸರಿಹೋಗುತ್ತದೆ. 130ರ ಜೆಟ್ ಇದ್ದಲ್ಲಿ 135ರದ್ದು. ಮಾರುತಿಯ ಕಾರ್ಬ್ಯುರೇಟರ್ ಪದ್ಮಿನಿಗೆ ಹಾಕಿದವರು ಜೆಟ್ಟನ್ನು ಇನ್ನಷ್ಟು ಎಚ್ಚರದಿಂದ ಹೊಂದಿಸಬೇಕು. ಅದನ್ನು ರೂಪಿಸಿದ್ದು 796 ಸಿಸಿ ಎಂಜಿನ್ನಿಗೆ. ಪದ್ಮಿನಿಯ ಎಂಜಿನ್ ಅದಕ್ಕಿಂತ ನೂರಕ್ಕೆ 37 ಪಾಲು ದೊಡ್ಡದು. ಜೆಟ್ ಬದಲಿಸದೆ ಮೈಲೇಜ್ ಬಂತೆಂದು ಹಿಗ್ಗುವವರ ಎಂಜಿನ್ನಿನ ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗಬಹುದು. ಆ ಕಾರ್ಬ್ಯುರೇಟರಿನ ಮೈಮೇಲಿರುವ ಸೊಲೆನಾಯ್ಡ್‌ಗೆ ಇಗ್ನಿಷನ್‌ನಿಂದ ಕರೆಂಟ್ ಕೊಡುವುದನ್ನೂ ಮರೆಯಬೇಡಿ. ಕೊಡದಿದ್ದರೆ ಐಡ್ಲಿಂಗ್ ಪೆಟ್ರೋಲಿನ ದಾರಿ ಮುಚ್ಚಿಕೊಂಡೇ ಇರುತ್ತದೆ.

ಜೆಟ್ ಹೊಂದಿಸಿದ ಮೇಲೆ ಹೊಗೆ ತಪಾಸಣೆ ಕೇಂದ್ರಕ್ಕೆ ಹೋಗಿ. ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ನಾಲ್ಕು ಚಕ್ರದ ಪೆಟ್ರೋಲ್ ಗಾಡಿಗೆ ಇಂಗಾಲದ ಮಾನಾಕ್ಸೈಡ್ ನೂರಕ್ಕೆ 3 ಪಾಲು, ಹೈಡ್ರೋಕಾರ್ಬನ್ 1500 ಪಿಪಿಎಂ ಮಿತಿ ಇದೆ. ಚೀಟಿಗಾಗಿ ಮಾತ್ರವಲ್ಲ, ಐಡ್ಲಿಂಗ್ ಮಿಶ್ರಣ ಎಲ್ಲಿ ನಿಂತಿದೆ ಎಂದು ತಿಳಿಯಲು ಆ ಯಂತ್ರದ ಓದು ಬಹಳ ಉಪಯುಕ್ತ.

ಶಾಖದ ವಿಚಾರಕ್ಕೆ ಬರುತ್ತೇನೆ. ಆಗುಂಬೆ ಘಾಟಿಯಲ್ಲಿ ಹಿಂದೆ ಅಂಬಾಸಿಡರ್‌ಗಳು ಬಾನೆಟ್ ತೆರೆದು ನಿಂತು, ಡ್ರೈವರ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದುದನ್ನು ನೋಡಿದವರು ಈಗಲೂ ಇದ್ದಾರೆ. ಅದೇ ವೇಪರ್ ಲಾಕ್. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಎಂಜಿನ್ನಿನ ಪಕ್ಕದ ಪಂಪ್ ಮೂರು ಮೀಟರ್ ಹಿಂದಿನ ಟ್ಯಾಂಕಿನಿಂದ ಎಳೆಯುವಾಗ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಕುದಿಬಿಂದು ಇನ್ನೂ ತಗ್ಗುತ್ತದೆ. ಅರಕುವಿನ ಎತ್ತರದಲ್ಲಿ ವಾತಾವರಣದ ಒತ್ತಡವೇ ನೂರಕ್ಕೆ ಹತ್ತು ಪಾಲಿನಷ್ಟು ಕಡಿಮೆ. ಪಂಪಿನ ತುಂಬ ಆವಿ ತುಂಬಿದರೆ ಅದು ದ್ರವವನ್ನು ತಳ್ಳಲಾರದು.

ಇದಕ್ಕೆ ಒದ್ದೆ ಬಟ್ಟೆಗಿಂತ ಖಾಯಂ ಪರಿಹಾರಗಳಿವೆ. ಎಲೆಕ್ಟ್ರಿಕ್ ಪಂಪನ್ನು ಟ್ಯಾಂಕಿನ ಬಳಿ, ಟ್ಯಾಂಕಿನ ತಳಕ್ಕೆ ಸಮನಾಗಿ ಅಥವಾ ಕೆಳಗೆ ಕೂರಿಸಿದರೆ ಪೈಪಿನುದ್ದಕ್ಕೂ ಪೆಟ್ರೋಲ್ ಒತ್ತಡದಲ್ಲಿರುತ್ತದೆ, ಸುಲಭಕ್ಕೆ ಕುದಿಯುವುದಿಲ್ಲ. ಇವು ತಳ್ಳುವುದರಲ್ಲಿ ಗಟ್ಟಿಗರು, ಎಳೆಯುವುದರಲ್ಲಿ ಅಲ್ಲ; ಬಾನೆಟ್ಟಿನಡಿ ಕೂರಿಸುವುದು ದುಡ್ಡು ದಂಡ. ಪಂಪಿಗೆ ಮುಂಚೆ ದಪ್ಪ ಜಾಲರಿಯ ಫಿಲ್ಟರ್, ಆಮೇಲೆ ಸಣ್ಣ ಕಾಗದದ ಫಿಲ್ಟರ್ ಇರಲಿ. ಎರಡನೆಯ ಪರಿಹಾರ ರಿಟರ್ನ್ ಪೈಪ್. ಮಾರುತಿ 800ರ ಎಸಿ ಪಂಪಿಗೆ ಮೂರು ಮೂಗುಗಳಿರುವುದನ್ನು ಗಮನಿಸಿ, ಮೂರನೆಯದು ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಹಿಂದಿರುಗಿಸಲು. ಪದ್ಮಿನಿಯಲ್ಲಿ ಹೀಗೊಂದು ಪೈಪ್ ಎಳೆದು, ಅದರ ಬಾಯಲ್ಲಿ ಒಂದು ಮಿಲಿಮೀಟರ್ ತೂತಿನ ತಡೆ ಇಟ್ಟರೆ ತಂಪು ಪೆಟ್ರೋಲ್ ಸದಾ ಸುತ್ತುತ್ತಿರುತ್ತದೆ, ಆವಿಯ ಗುಳ್ಳೆಗಳು ಟ್ಯಾಂಕಿಗೆ ಹೊರಟುಹೋಗುತ್ತವೆ. ಘಾಟಿ ಹತ್ತುವವರಿಗೆ ಇದಕ್ಕಿಂತ ಉಪಯುಕ್ತ ಬದಲಾವಣೆ ಇಲ್ಲ. ಅಡಾಪ್ಟರ್ ಪ್ಲೇಟ್ ಅಲ್ಯೂಮಿನಿಯಮ್ಮಿನದಾದರೆ ಶಾಖವನ್ನು ನೇರ ಬಟ್ಟಲಿಗೆ ಒಯ್ಯುತ್ತದೆ. ನಡುವೆ ದಪ್ಪನೆಯ ಬೇಕಲೈಟ್ ಪ್ಯಾಕಿಂಗ್ ಹಾಕಿಸಿ. ಬಿಸಿ ಎಂಜಿನ್ ಹತ್ತು ನಿಮಿಷ ನಿಂತು ಸ್ಟಾರ್ಟ್ ಆಗದಿದ್ದರೆ ಚೋಕ್ ಮುಟ್ಟಬೇಡಿ. ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು, ಪಂಪ್ ಮಾಡದೆ ಸೆಲ್ಫ್ ಹೊಡೆಯಿರಿ.

ಎಲೆಕ್ಟ್ರಿಕ್ ಪಂಪ್ ಹಾಕುವವರು ಹಳೆಯ ಎಸಿ ಪಂಪನ್ನು ಸಾಲಿನಲ್ಲೇ ಬಿಟ್ಟಿರುವುದನ್ನು ನಾನು ಕಂಡಿದ್ದೇನೆ. ಒಂದಕ್ಕೊಂದು ಆಸರೆ ಎಂಬ ಲೆಕ್ಕಾಚಾರ. ಡಯಾಫ್ರಮ್ ಹರಿದ ದಿನ ಎಲೆಕ್ಟ್ರಿಕ್ ಪಂಪ್ ಟ್ಯಾಂಕಿನ ಪೆಟ್ರೋಲನ್ನೆಲ್ಲ ಎಂಜಿನ್ನಿನ ಸಂಪಿಗೆ ತಳ್ಳುತ್ತದೆ. ಎಸಿ ಪಂಪ್ ತೆಗೆದು, ಆ ಕಿಂಡಿಗೆ ಪ್ಯಾಕಿಂಗ್ ಸಮೇತ ತಗಡು ಮುಚ್ಚಿ.

ವೈರಿಂಗ್ ವಿಷಯದಲ್ಲಿ ರಾಜಿ ಬೇಡ. ಇಗ್ನಿಷನ್ ಕೀಯಿಂದ ನೇರ ಪಂಪಿಗೆ ವೈರ್ ಎಳೆದರೆ, ಅಪಘಾತವಾಗಿ ಪೈಪ್ ಕಿತ್ತುಹೋದಾಗಲೂ ಕೀ ಆನ್ ಇರುವವರೆಗೆ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಫ್ಯೂಸ್, ರಿಲೇ, ಡಿಕ್ಕಿ ಹೊಡೆದರೆ ಕಡಿದುಹೋಗುವ ಇನರ್ಷಿಯಾ ಸ್ವಿಚ್ ಇರಲೇಬೇಕು. ಆಯಿಲ್ ಒತ್ತಡ ಇದ್ದರೆ ಮಾತ್ರ ಪಂಪ್ ನಡೆಯುವಂತೆ ಇನ್ನೊಂದು ಸ್ವಿಚ್ ಸೇರಿಸಿದರೆ, ಎಂಜಿನ್ ನಿಂತೊಡನೆ ಪಂಪೂ ನಿಲ್ಲುತ್ತದೆ. ಇಷ್ಟಕ್ಕೆ ಖರ್ಚಾಗುವುದು ಕಾರ್ಬ್ಯುರೇಟರಿನ ಬೆಲೆಯ ಸಣ್ಣ ಪಾಲು.

ಕಾನೂನಿನ ಕಡೆಯೂ ಒಂದು ಮಾತು. 2021ರ ತಿದ್ದುಪಡಿಯಂತೆ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಿ ‘ವಿಎ’ ಅಕ್ಷರಗಳ ನಂಬರ್ ಪಡೆಯಬಹುದು, ಶುಲ್ಕ 20,000 ರೂಪಾಯಿ. ಆದರೆ ಗಾಡಿಯ ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು ಎಂಬ ಷರತ್ತಿದೆ. ಮೊದಲ ಪದ್ಮಿನಿಗಳು ಈಗ ಆ ವಯಸ್ಸಿಗೆ ಬಂದಿವೆ. ಹಾಗಾಗಿ ಮ್ಯಾನಿಫೋಲ್ಡ್ ಕೊರೆಯದೆ, ಬಾಡಿಗೆ ತೂತು ಹಾಕದೆ, ಬೇಕೆಂದಾಗ ಮೂಲಕ್ಕೆ ಮರಳುವಂತೆ ಬದಲಾವಣೆ ಮಾಡಿ. ಕಳಚಿದ ಸೋಲೆಕ್ಸನ್ನು ಗುಜರಿಗೆ ಕೊಡಬೇಡಿ, ಎಣ್ಣೆ ಸವರಿ ಡಬ್ಬಿಯಲ್ಲಿಡಿ.

ಎಲ್ಲ ಜೋಡಿಸಿದ ಮೇಲೆ ಕೂಡಲೇ ಸ್ಟಾರ್ಟ್ ಮಾಡುವ ಆತುರ ಬೇಡ. ಎಲೆಕ್ಟ್ರಿಕ್ ಪಂಪಾದರೆ, ಆಯಿಲ್ ಒತ್ತಡದ ಸ್ವಿಚ್ಚನ್ನು ತಾತ್ಕಾಲಿಕವಾಗಿ ದಾಟಿಸಿ, ಪಂಪನ್ನು ಮಾತ್ರ ಎರಡು ನಿಮಿಷ ಓಡಿಸಿ, ಒಣ ಕಾಗದದ ತುಂಡಿನಿಂದ ಒಂದೊಂದೇ ಜಾಯಿಂಟ್ ಒತ್ತಿ ನೋಡಿ, ಒದ್ದೆಯಾದಲ್ಲಿ ಮತ್ತೆ ಬಿಗಿಯಿರಿ. ಪಕ್ಕದಲ್ಲಿ ಒಂದು ಕಿಲೋದ ಪುಡಿಯ ಅಗ್ನಿಶಾಮಕ ಇರಲಿ, ಆಮೇಲೆ ಅದು ಗಾಡಿಯಲ್ಲೇ ಉಳಿಯಲಿ. ಕಾರ್ಬ್ಯುರೇಟರ್ ಬದಲಿಸುವ ಯೋಚನೆ ಇಲ್ಲದವರೂ ಈ ಭಾನುವಾರ ಗಾಡಿಯಡಿ ಒಮ್ಮೆ ಮಲಗಿ, ಟ್ಯಾಂಕಿನ ಬಾಯಲ್ಲಿರುವ ಆ ರಬ್ಬರ್ ತುಂಡನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ ಅಂದೇ ಬದಲಿಸಿ.